ಬಿಳಿ ವಿಭೂತಿ, ಕಪ್ಪು ಧೂಳ್ತ

ಶಿವರಾತ್ರಿ ಹತ್ತಿರವಾದಾಗ ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ನಿಂತರೆ ಕ್ಯಾಮೆರಾದವನಿಗೆ ಹಬ್ಬ. ಮಳವಳ್ಳಿ ಕಡೆಯಿಂದ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರ ನಡುವೆ ಮಾದಪ್ಪನ ಹಾಡು ಹಾಡುವ ದೇವರಗುಡ್ಡರೂ ಸಿಗುತ್ತಾರೆ. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕಂಸಾಳೆ, ಹಣೆತುಂಬ ವಿಭೂತಿ. ಮೊಬೈಲಿನವರು ಬಣ್ಣದಲ್ಲಿ ಒತ್ತಿಕೊಂಡು ಮುಂದೆ ಹೋಗುತ್ತಾರೆ. ಕಪ್ಪು-ಬಿಳುಪಿನ ಹುಚ್ಚು ಹತ್ತಿದವನು ಮಾತ್ರ ಮರದ ನೆರಳು ಹುಡುಕಿಕೊಂಡು, “ಗುಡ್ಡಪ್ಪ, ಒಂದು ಗಳಿಗೆ ಇಲ್ಲಿ ಕೂತ್ಕೊಳ್ಳಿ” ಅನ್ನುತ್ತಾನೆ.

ಉರಿಬಿಸಿಲಿಗೂ ವಿಭೂತಿಗೂ ಆಗಿಬರುವುದಿಲ್ಲ. ಕ್ಯಾಮೆರಾದ ಬೆಳಕಿನ ಮೀಟರು ಎದುರಿಗೆ ಸಿಕ್ಕಿದ್ದೆಲ್ಲ ನಡು ಬೂದುಬಣ್ಣವೆಂದೇ ನಂಬುತ್ತದೆ. ಕಪ್ಪು ಮುಖ ಕಂಡರೆ ಹೆಚ್ಚು ಬೆಳಕು ಬೇಡುತ್ತದೆ. ಕೇಳಿದಷ್ಟೂ ಕೊಟ್ಟರೆ ಹಣೆಯ ಮೂರು ಪಟ್ಟೆ ಸುಣ್ಣ ಬಳಿದಂತಾಗಿ, ಬೂದಿಯ ಬಿರುಕು, ಬೆರಳೆಳೆದ ಗೆರೆ ಎಲ್ಲ ಅಳಿಸಿಹೋಗುತ್ತವೆ. ನೆರಳಿನ ಮೆತ್ತನೆಯ ಬೆಳಕಿನಲ್ಲಿ ಅವು ಉಳಿಯುತ್ತವೆ. ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿದರೆ ಚರ್ಮ ಇನ್ನಷ್ಟು ಗಾಢವಾಗಿ ವಿಭೂತಿ ಎದ್ದು ಕಾಣುತ್ತದೆ.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗು. ಸಿದ್ದಪ್ಪಾಜಿಯ ಗದ್ದಿಗೆಯ ಐದು ದಿನದ ಜಾತ್ರೆಗೆ ಬರುವ ನೀಲಗಾರರು ತಂಬೂರಿ ಮೀಟುತ್ತ ಮಂಟೇಸ್ವಾಮಿ ಕಾವ್ಯ ಹಾಡುವವರು. ಅವರ ಹಣೆಯಲ್ಲಿರುವುದು ಕಪ್ಪು ಧೂಳ್ತ. ಕಪ್ಪು ಹಣೆಯ ಮೇಲೆ ಕಪ್ಪು ಬೂದಿ! ಇಲ್ಲಿ ಬೆಳಕು ಪಕ್ಕದಿಂದ ಬರಬೇಕು. ಬೆವರಿದ ಚರ್ಮ ಮಿರುಗುತ್ತದೆ, ಧೂಳ್ತ ಮಿರುಗುವುದಿಲ್ಲ. ಕಣ್ಣಿಗೆ ಸಿಗುವ ವ್ಯತ್ಯಾಸ ಅಷ್ಟೇ. ಫಿಲ್ಟರ್ ಕೂಡ ಈಗ ಕಿತ್ತಳೆ. ಅದು ಚರ್ಮವನ್ನು ತಿಳಿಮಾಡಿ ಧೂಳ್ತವನ್ನು ಹಾಗೇ ಬಿಡುತ್ತದೆ.

ಬಣ್ಣ ತೆಗೆದರೆ ಕಾವಿಯ ದೊಡ್ಡಸ್ತಿಕೆಯೂ ಹೋಗುತ್ತದೆ. ಪೀಠಾಧಿಪತಿಯ ರೇಷ್ಮೆಯೂ ಗುಡ್ಡನ ಮಾಸಿದ ಅಂಗಿಯೂ ಬೂದುಬಣ್ಣದ ಒಂದೇ ಸಂತೆಗೆ ಇಳಿದು, ಉಳಿಯುವುದು ಮುಖ. 1946ರಲ್ಲಿ ಬೆಂಗಳೂರಿನ ಜಿ.ಜಿ. ವೆಲ್ಲಿಂಗ್ ತೆಗೆದ ರಮಣ ಮಹರ್ಷಿಗಳ ಭಾವಚಿತ್ರ ಇಂದಿಗೂ ಎಷ್ಟೋ ಮನೆಗಳ ಗೋಡೆಯಲ್ಲಿದೆ. ಅಲ್ಲಿ ಕಾವಿಯಿಲ್ಲ, ಸಿಂಹಾಸನವಿಲ್ಲ. ನೋಡುವವರನ್ನು ನಿಲ್ಲಿಸುವುದು ಕಣ್ಣು.

ಆದರೆ ನೀಲಗಾರರಾಗಲಿ ಗುಡ್ಡರಾಗಲಿ ಸಂಸಾರ ಬಿಟ್ಟವರಲ್ಲ. ದೀಕ್ಷೆ ಪಡೆದು, ಹಾಡಿ, ಭಿಕ್ಷೆಯೆತ್ತಿ ಮನೆಗೆ ಮರಳುವವರು. ಅವರನ್ನು ಹಿಮಾಲಯದ ಸಾಧುಗಳಂತೆ ಕತ್ತಲ ಹಿನ್ನೆಲೆಯಲ್ಲಿ ಕೂರಿಸಿ ಗಂಭೀರ ಮಾಡುವ ಚಾಳಿ ಎಷ್ಟೋ ಚಿತ್ರಗಳನ್ನು ಕೆಡಿಸಿದೆ. ಹಾಡುವಾಗಲೇ ತೆಗೆಯುವುದು ಮೇಲು. ಶಟರನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಸಿದರೆ ಕಂಸಾಳೆ ಹಿಡಿದ ಕೈ ಕಲಸಿಹೋಗುತ್ತದೆ, ಮುಖ ನಿಲ್ಲುತ್ತದೆ. ಹತ್ತರಲ್ಲಿ ಎಂಟು ಚಿತ್ರ ಹಾಳಾಗಬಹುದು. ಫಿಲ್ಮಿನವರಿಗೆ ಅದು ದುಬಾರಿ ಬಾಬ್ತೇ.