ದಣಿವಿಗೂ ಒಂದು ಕಾರಣವಿರುತ್ತದೆ

ಅಧ್ಯಾಪಕ ವೃತ್ತಿ ನನಗೆ ನಾಲ್ಕು ಊರುಗಳ ನೀರು ಕುಡಿಸಿತು. ಚನ್ನಗಿರಿಯಲ್ಲಿ ಆರಂಭ, ಅಲ್ಲಿಂದ ನ್ಯಾಮತಿ, ಬಳಿಕ ಹೊನ್ನಾಳಿ, ಕೊನೆಗೆ ಜಗಳೂರು. ಅಡಿಕೆ ತೋಟಗಳ ನೆರಳಿನಿಂದ ಹೊರಟು, ತುಂಗಭದ್ರೆಯ ದಡದ ಗದ್ದೆಗಳನ್ನು ಹಾದು, ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆಗೆ ಬಂದು ನಿಂತ ಪಯಣವದು. ಆ ನಾಲ್ಕೂ ಊರುಗಳ ನನ್ನ ವಿದ್ಯಾರ್ಥಿಗಳು ಈಗ ಈ ಪುಟವನ್ನು ಓದುತ್ತಿದ್ದೀರಿ. ನಿಮ್ಮಲ್ಲಿ ಬಹಳ ಮಂದಿ ನಲವತ್ತು ದಾಟಿದವರು. ಕೆಲವರು ಅಜ್ಜಿಯರೂ ಆಗಿದ್ದೀರಿ. ಆದುದರಿಂದ ಈ ಸಲ ಶಾಲೆಯ ನೆನಪುಗಳ ಜೊತೆಗೆ ಆರೋಗ್ಯದ ಒಂದು ವಿಷಯವನ್ನೂ ಹೇಳಬೇಕೆನಿಸಿದೆ.

1999ರ ಬೇಸಿಗೆ. ಜಗಳೂರಿನ ಬಿಸಿಲು ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಥ ಏಪ್ರಿಲ್ ತಿಂಗಳಲ್ಲಿ ನಾನು ಮಧ್ಯಾಹ್ನದ ಹೊತ್ತಿಗೂ ಶಾಲು ಹೊದ್ದು ಕುಳಿತಿರುತ್ತಿದ್ದೆ. ಊಟ ಮೊದಲಿಗಿಂತ ಕಡಿಮೆ, ದೇಹದ ತೂಕ ಮಾತ್ರ ಹೆಚ್ಚು. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿಕೊಂಡಿರುತ್ತಿದ್ದವು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಮಲಬದ್ಧತೆ, ಒಣಗಿದ ಚರ್ಮ, ಎಂಟು ಗಂಟೆ ನಿದ್ರಿಸಿದರೂ ಹೋಗದ ಆಯಾಸ. ಇವೆಲ್ಲವನ್ನೂ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಎರಡು: ದನಿ ಮತ್ತು ನೆನಪು.

ಶಿಕ್ಷಕಿಗೆ ದನಿಯೇ ಬಂಡವಾಳ. ನನ್ನದು ಕೊನೆಯ ಬೆಂಚಿಗೂ ಕೇಳುವ ದನಿ ಎಂದು ಹೊನ್ನಾಳಿಯ ಮಕ್ಕಳು ಇಂದಿಗೂ ನಗೆಯಾಡುತ್ತಾರೆ. ಅದು ದಿನೇ ದಿನೇ ಒರಟಾಗಿ, ನಿಧಾನವಾಗಿ, ನೆನೆದ ತಮಟೆಯಂತಾಯಿತು. ಹಾಜರಿ ಪುಸ್ತಕ ಮುಚ್ಚಿದರೆ ಎದುರು ನಿಂತ ಮಗುವಿನ ಹೆಸರು ಹೊಳೆಯುತ್ತಿರಲಿಲ್ಲ. ಕಂಠಪಾಠವಾಗಿದ್ದ ಪದ್ಯ ನಡುವೆ ಕಡಿದುಹೋಗುತ್ತಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ವೈದ್ಯರ ಬಳಿಗೆ ಹೋಗದೆ ಇರಲಿಲ್ಲ. ಒಬ್ಬರು ರಕ್ತಹೀನತೆಯೆಂದು ಟಾನಿಕ್ ಕೊಟ್ಟರು. ಇನ್ನೊಬ್ಬರು ಮುಟ್ಟು ನಿಲ್ಲುವ ವಯಸ್ಸಿನ ಸಹಜ ತೊಂದರೆ ಎಂದರು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಬಂಧುಗಳು ಅದನ್ನು ದುಃಖವೆಂದು ತಿಳಿದರು. ಪ್ರತಿಯೊಂದು ಲಕ್ಷಣಕ್ಕೂ ಒಂದೊಂದು ಸಮಾಧಾನವಿತ್ತು. ಎಲ್ಲವನ್ನೂ ಒಟ್ಟಿಗೆ ಸೇರಿಸಿ ನೋಡಿದವರು ಯಾರೂ ಇರಲಿಲ್ಲ. ಸ್ವಯಂ ನಿವೃತ್ತಿಯ ಅರ್ಜಿಯನ್ನು ಬರೆದು ಟ್ರಂಕಿನಲ್ಲಿ ಇಟ್ಟಿದ್ದೆ. ಇನ್ನೂ ಹತ್ತು ವರ್ಷದ ಸೇವೆ ಉಳಿದಿತ್ತು. ಮಗನ ಓದು ಮುಗಿದಿರಲಿಲ್ಲ.

ಕೊನೆಗೆ ದಾವಣಗೆರೆಗೆ ಹೋದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ಮುನ್ನ ಜಗಳೂರಿನವರಿಗೆ ಚಿತ್ರದುರ್ಗ, ಚನ್ನಗಿರಿ ಹೊನ್ನಾಳಿಯವರಿಗೆ ಶಿವಮೊಗ್ಗ ಜಿಲ್ಲಾ ಕೇಂದ್ರಗಳಾಗಿದ್ದವು. ಆದರೆ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದಿದ್ದ ಆ ಊರು ಆಗಲೇ ನಮ್ಮ ಸೀಮೆಯ ವೈದ್ಯರ ಊರಾಗಿತ್ತು. ಅಲ್ಲಿ ಒಬ್ಬ ವೈದ್ಯೆ ನನ್ನ ಮಾತನ್ನು ಪೂರ್ತಿ ಕೇಳಿದರು. ಕೇಳುತ್ತ ಕೇಳುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಬಳಿಕ ಮೊಣಕಾಲಿಗೂ ಹಿಮ್ಮಡಿಗೂ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, “ಟೀಚರ್, ನಿಮ್ಮ ದನಿ ಮೊದಲಿನಿಂದಲೂ ಹೀಗೆಯೇ?” ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ನನ್ನ ಕಣ್ಣು ತುಂಬಿತು. ರಕ್ತದ ಮಾದರಿಯನ್ನು ಬೇರೆ ಊರಿಗೆ ಕಳುಹಿಸಿದರು. ವಾರದ ಮೇಲೆ ಫಲಿತಾಂಶ ಬಂತು: ಟಿ.ಎಸ್.ಎಚ್. 62. ಸಾಮಾನ್ಯವಾಗಿ ಅದು 4ರ ಆಸುಪಾಸು ದಾಟಬಾರದು.

ಈ ಅಂಕಿಯ ಅರ್ಥವನ್ನು ನಾನು ಶಾಲೆಯ ಭಾಷೆಯಲ್ಲೇ ಹೇಳುತ್ತೇನೆ. ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿಯಿದೆ. ತೂಕ ಸುಮಾರು 20 ಗ್ರಾಂ. ಅದು ಸ್ರವಿಸುವ ರಸದೂತವೇ ದೇಹದ ಕೆಲಸಗಳ ವೇಗವನ್ನು ನಿರ್ಧರಿಸುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದರ ಮುಖ್ಯೋಪಾಧ್ಯಾಯ. ಶಿಕ್ಷಕ ಸರಿಯಾಗಿ ಪಾಠ ಮಾಡುತ್ತಿದ್ದರೆ ಮುಖ್ಯೋಪಾಧ್ಯಾಯರು ಮೆಲುದನಿಯಲ್ಲೇ ಮಾತನಾಡುತ್ತಾರೆ. ಶಿಕ್ಷಕ ತೂಕಡಿಸಿದರೆ ದನಿಯೇರಿಸುತ್ತಾರೆ. ಆ ಏರುದನಿಯೇ ಟಿ.ಎಸ್.ಎಚ್. ಆದುದರಿಂದಲೇ ಥೈರಾಯ್ಡ್ ಸೋತಾಗ ಈ ಅಂಕಿ ಏರುತ್ತದೆ.

ನಮ್ಮ ಹಿರಿಯರು ಗಳಗಂಡವನ್ನು ಬಲ್ಲವರು. ಅದಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಪ್ರಯೋಗವು ಅಯೋಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ತಗ್ಗುವುದನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ. ಇಡೀ ಜೀವಮಾನಕ್ಕೆ ಒಂದು ಟೀ ಚಮಚದಷ್ಟು! ಆದರೆ ಅಯೋಡಿನ್ ಉಪ್ಪು ತಿನ್ನುವ ಮನೆಗಳಲ್ಲಿ ಈ ಕಾಯಿಲೆಗೆ ಹೆಚ್ಚಾಗಿ ಬೇರೆಯೇ ಕಾರಣವಿರುತ್ತದೆ: ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವುದು. ಜಪಾನಿನ ಹಾಶಿಮೊಟೊ ಎಂಬ ವೈದ್ಯರು 1912ರಲ್ಲಿ ವಿವರಿಸಿದ ಕಾಯಿಲೆಯಿದು. ನನ್ನದೂ ಅದೇ. ಇದು ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು, ರಕ್ತಸಂಬಂಧಿಗಳಲ್ಲೂ ಕಾಣಿಸಿಕೊಳ್ಳುವುದುಂಟು. ಬಂಧುಗಳು ಈ ಮಾತನ್ನು ಗಮನಿಸಬೇಕು.

1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು 46 ವರ್ಷದ ಮಹಿಳೆಗೆ ಚುಚ್ಚಿ ಗುಣ ಕಂಡರು. ಆಕೆ ಅನಂತರ 28 ವರ್ಷ ಬದುಕಿದಳು. ಇಂದು ನಮಗೆ ದೊರಕುವುದು ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮಾತ್ರೆ, ಲೆವೊಥೈರಾಕ್ಸಿನ್. ಗ್ರಂಥಿ ತಯಾರಿಸಲಾಗದ್ದನ್ನು ಅದು ತುಂಬಿಕೊಡುತ್ತದೆ.

ಮಾತ್ರೆ ನುಂಗಿದ ಮರುದಿನವೇ ಪವಾಡವಾಗಲಿಲ್ಲ. ಎರಡು ವಾರಕ್ಕೆ ಶಾಲು ಬೇಡವಾಯಿತು. ಎರಡು ತಿಂಗಳಿಗೆ ಮಕ್ಕಳ ಹೆಸರುಗಳು ಒಂದೊಂದಾಗಿ ಹಿಂತಿರುಗಿದವು. ದನಿ ಎಲ್ಲಕ್ಕಿಂತ ತಡವಾಗಿ ಬಂತು. ಒಂದು ದಿನ ಎಂಟನೆಯ ತರಗತಿಯಲ್ಲಿ ಪದ್ಯ ಓದುತ್ತಿದ್ದಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಈಗ ಇಲ್ಲಿಗೂ ಕೇಳುತ್ತೆ” ಎಂದಳು. ಅಂದು ಸಂಜೆ ಟ್ರಂಕಿನಲ್ಲಿದ್ದ ಅರ್ಜಿಯನ್ನು ಒಲೆಗೆ ಹಾಕಿದೆ. ಹತ್ತು ವರ್ಷ ಪೂರ್ತಿ ಪಾಠ ಮಾಡಿ ನಿವೃತ್ತಳಾದೆ.

ಈಗ ನಿಮಗೆ ನಾಲ್ಕು ಮಾತು. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಂಡು, ಕಾಫಿ ತಿಂಡಿಗಳನ್ನು ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಪ್ರಮಾಣ ಬದಲಿಸಿದಾಗ ಆರರಿಂದ ಎಂಟು ವಾರದ ಮೇಲೆ ಮತ್ತೆ ರಕ್ತಪರೀಕ್ಷೆ ಅಗತ್ಯ. ಹೃದಯದ ತೊಂದರೆಯಿರುವವರಿಗೂ ವೃದ್ಧರಿಗೂ ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಆದುದರಿಂದ ನೆರೆಮನೆಯವರ ಚೀಟಿ ನೋಡಿ ಮಾತ್ರೆ ಕೊಳ್ಳಬೇಡಿ. “ಈಗ ಚೆನ್ನಾಗಿದ್ದೇನಲ್ಲ” ಎಂದು ನಿಮ್ಮಷ್ಟಕ್ಕೆ ನಿಲ್ಲಿಸಲೂಬೇಡಿ, ಚೆನ್ನಾಗಿರುವುದು ಮಾತ್ರೆಯಿಂದಲೇ.

ಗರ್ಭಿಣಿಯರ ಬಗ್ಗೆ ವಿಶೇಷವಾಗಿ ಹೇಳಬೇಕು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡೇ ಆಧಾರ. ಚನ್ನಗಿರಿಯ ನಮ್ಮ ಬಂಧುವೊಬ್ಬರ ಸೊಸೆ ಅಡಿಕೆ ಸುಲಿಯುವ ಕಾಲದಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಮನೆಯವರು ಸೋಮಾರಿ ಎಂದರು. ಎರಡು ತಿಂಗಳ ಬಸುರಿಯೆಂದು ತಿಳಿದಾಗ ಪರೀಕ್ಷೆ ಮಾಡಿಸಲು ನಾನೇ ಒತ್ತಾಯಿಸಿದೆ. ಕೊರತೆ ಇತ್ತು, ಕೂಡಲೇ ಚಿಕಿತ್ಸೆಯಾಯಿತು. ಹುಟ್ಟಿದ ಮಗು ಈಗ ಶಾಲೆಗೆ ಹೋಗುತ್ತದೆ, ಮಗ್ಗಿಯನ್ನು ನನಗಿಂತ ವೇಗವಾಗಿ ಹೇಳುತ್ತದೆ.

ಎಲ್ಲ ದಣಿವೂ ಥೈರಾಯ್ಡ್ ಅಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ, ಬಿ12 ಕೊರತೆ, ಮನಸ್ಸಿನ ಖಿನ್ನತೆ ಇವೂ ಇದೇ ವೇಷ ಹಾಕುತ್ತವೆ. ಹಾಗಾಗಿ ರೋಗದ ಹೆಸರನ್ನು ನೀವೇ ಇಟ್ಟುಕೊಂಡು ಹೋಗಬೇಡಿ. ಆದರೆ ಲಕ್ಷಣಗಳನ್ನು, ಅವು ಎಂದಿನಿಂದ ಇವೆಯೆಂಬುದನ್ನು, ಒಂದು ಹಾಳೆಯಲ್ಲಿ ಬರೆದು ಕೊಂಡೊಯ್ಯಿರಿ. ವೈದ್ಯರಿಗೆ ಎಲ್ಲವೂ ಒಟ್ಟಿಗೆ ಕಾಣಲಿ. ಈಗ ತಾಲ್ಲೂಕಾಗಿರುವ ನ್ಯಾಮತಿಯಿಂದಾಗಲಿ, ಜಗಳೂರಿನಿಂದಾಗಲಿ, ಈ ಪರೀಕ್ಷೆ ನನ್ನ ಕಾಲದಷ್ಟು ದೂರದ್ದಲ್ಲ. ಮೊದಲ ಉತ್ತರ ಸಮಾಧಾನ ಕೊಡದಿದ್ದರೆ ಎರಡನೆಯ ಬಾರಿ ಕೇಳಿ. ತರಗತಿಯಲ್ಲಿ ಅರ್ಥವಾಗದಿದ್ದರೆ ಮತ್ತೆ ಕೈಯೆತ್ತಿ ಎಂದು ನಿಮಗೆ ಎಷ್ಟು ಸಲ ಹೇಳಿಲ್ಲ!