ಕೆಂಪು ಪಟ್ಟೆಗೆ ಸಮ

ಸಂಜೆ ಆರೂವರೆ. ಹೊಗೆಸೊಪ್ಪಿನ ಹರಾಜು ನಡೆಯುತ್ತಿರುವ ದಿನಗಳು. ರಾವಂದೂರಿನ ಬಾರಿಗೆ ನೀವು ಕಾಲಿಟ್ಟಿದ್ದೀರಿ. ಕೂತವರ ಅಂಗಿಗಳಿಂದ ಹದ ಮಾಡಿದ ಸೊಪ್ಪಿನ ಘಾಟು ಏಳುತ್ತಿದೆ, ಅಡುಗೆ ಕೋಣೆಯಿಂದ ಕಬಾಬಿನ ಹೊಗೆ. ಸಪ್ಲೈಯರ್ ಹುಡುಗ ನಾಲ್ಕು ಲೋಟದೊಳಕ್ಕೆ ನಾಲ್ಕು ಬೆರಳು ಇಳಿಸಿ, ಒಂದೇ ಕೈಯಲ್ಲಿ ಎತ್ತಿಕೊಂಡು ಬರುತ್ತಾನೆ. ಅದನ್ನು ನೋಡದವರಂತೆ ಇದ್ದುಬಿಡುವುದು ಇಲ್ಲಿಯ ಮರ್ಯಾದೆ.

ನಿಮ್ಮ ಮುಂದೆ ಬಂದು ಕೂತ ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿಯಿರಿ. ಮೇಲೆ ಚಿನ್ನದ ಬಣ್ಣದ ಅಕ್ಷರ, ಅದರ ಕೆಳಗೆ ಸುತ್ತಲೂ ಕೆಂಪು ಪಟ್ಟೆ. ಅಕ್ಷರಗಳು ಅರ್ಧ ಹೋಗಿವೆ. ಯಾವ ಕಂಪನಿಯೋ ತಿಳಿಯದು. ಮದ್ಯದ ಜಾಹೀರಾತಿಗೆ 1994ರ ಕೇಬಲ್ ಟಿವಿ ನಿಯಮಗಳೇ ಅಡ್ಡ ನಿಂತಿವೆ. ಸೋಡಾ, ಕುಡಿಯುವ ನೀರಿನ ನೆಪದಲ್ಲಿ ಹೆಸರು ತೋರಿಸುವವರಿಗೆ ಕುಡಿಯುವವನ ಕೈಯೊಳಗಿನ ಲೋಟ ಸಿಕ್ಕರೆ ಬಿಡುತ್ತಾರೆಯೇ?

ಅಚ್ಚು ಅಗ್ಗದ್ದು. ಜಾಲರಿ ಬಟ್ಟೆಯ ಮೂಲಕ ಬಣ್ಣ ಒತ್ತಿ, ತುಸು ಕಾಯಿಸಿ ಒಣಗಿಸಿದ್ದು. ಬಾಳಿಕೆ ಬರಬೇಕಾದರೆ ಬಣ್ಣದಲ್ಲಿ ನುಣ್ಣಗಿನ ಗಾಜಿನ ಪುಡಿ ಇರಬೇಕು. ಸುಮಾರು 600 ಡಿಗ್ರಿ ಕಾವಿನ ಕುಲುಮೆಯಲ್ಲಿ ಆ ಪುಡಿ ಕರಗಿ ಲೋಟದ ಮೈಗೇ ಕೂಡಿಕೊಳ್ಳುತ್ತದೆ. ಈ ಕೆಂಪು ಪಟ್ಟೆ ಯಾಕೋ ಇನ್ನೂ ಗಟ್ಟಿಯಾಗಿದೆ.

ಪಟ್ಟೆಯ ಕೆಲಸ ಪಕ್ಕದ ಟೇಬಲ್ಲಿನಲ್ಲಿ ಗೊತ್ತಾಗುತ್ತದೆ. ಅಲ್ಲಿ ಬಾವ, ಬಾಮೈದ. ನಡುವೆ 650 ಮಿ.ಲೀ.ನ ಒಂದೇ ಸ್ಟ್ರಾಂಗ್ ಬಾಟಲಿ.

"ಪಟ್ಟೆ ಗಂಟ ಉಯ್ಯಿ ಬಾವ, ಆಮೇಕೆ ನಂದುಕೆ."

"ತಡಿಯಪ್ಪ, ನೊರೆ ಇಳೀಲಿ. ನೊರೆ ಲೆಕ್ಕಕ್ಕಿಲ್ಲ."

ಜರ್ಮನಿಯಲ್ಲಾದರೆ ಲೋಟದ ಮೇಲೆ ಅಳತೆಯ ಗೆರೆ ಇರಲೇಬೇಕು. ಇಂಗ್ಲೆಂಡಿನ ಪೈಂಟ್ ಲೋಟ 568 ಮಿ.ಲೀ. ಎಂದು ಕಾನೂನೇ ಹೇಳುತ್ತದೆ. ಅಲ್ಲಿ ನಲ್ಲಿಯಿಂದ ಹಿಡಿದು ಕೊಡುತ್ತಾರೆ, ಮೋಸದ ಭಯ ಮಾರುವವನಿಂದ. ಇಲ್ಲಿ ಬಾಟಲಿಯ ಮುಚ್ಚಳ ನಿಮ್ಮೆದುರೇ ಹಾರುತ್ತದೆ. ಅನುಮಾನವೇನಿದ್ದರೂ ಜೊತೆಗೆ ಕೂತವನ ಮೇಲೆ. ಹೀಗಾಗಿ ಅಂದಕ್ಕೆಂದು ಬಳಿದ ಪಟ್ಟೆ ನ್ಯಾಯ ಹೇಳಲು ಕೂತಿದೆ.

ನಿಮ್ಮ ಲೋಟದ ತಳದ ಒಂದೇ ಜಾಗದಿಂದ ಗುಳ್ಳೆಗಳು ಸಾಲಾಗಿ ಏಳುತ್ತಿವೆ. ಅಲ್ಲೊಂದು ಗೀರು ಬಿದ್ದಿದೆ. ಕರಗಿದ ಅನಿಲ ಹೊರಬರಲು ಅಷ್ಟು ಸಾಕು. ನೊರೆ ಉಳಿಯಲೆಂದು ಯುರೋಪಿನಲ್ಲಿ ಕೆಲವು ಲೋಟಗಳ ತಳಕ್ಕೆ ಲೇಸರ್‌ನಿಂದ ಬೇಕೆಂದೇ ಗೀರು ಹಾಕಿಸುತ್ತಾರೆ. ಇಲ್ಲಿ ಹಿತ್ತಲಿನ ತೊಟ್ಟಿ ಪಕ್ಕದ ತಿಕ್ಕಾಟ ಅದನ್ನು ಪುಕ್ಕಟೆ ಮಾಡಿಕೊಡುತ್ತದೆ. ಆದರೆ ಕಬಾಬು ತಿಂದ ತುಟಿ ತಗುಲಿದ ಕಡೆ ನೊರೆ ನೋಡನೋಡುತ್ತಲೇ ಸಾಯುತ್ತದೆ. ಜಿಡ್ಡಿಗೂ ನೊರೆಗೂ ಆಗಿಬರುವುದಿಲ್ಲ.

ಕಿಟಕಿಯಾಚೆ ಇಬ್ಬರು ಚೀಲ ಹಿಡಿದು ಕೆರೆ ಏರಿಯ ಕಡೆ ನಡೆದರು. ಸಿಎಲ್-2 ಪರವಾನಗಿಯ ಮದ್ಯದಂಗಡಿಯಲ್ಲಿ ಕೊಂಡದ್ದನ್ನು ಅಲ್ಲೇ ಕುಡಿಯುವಂತಿಲ್ಲ. ಚೀಲದಲ್ಲಿ ಪ್ಲಾಸ್ಟಿಕ್ ಲೋಟವೂ ಇರಬಹುದು, 2022ರ ಜುಲೈ 1ರಿಂದ ದೇಶದಲ್ಲೆಲ್ಲ ಅದಕ್ಕೆ ನಿಷೇಧವಿದ್ದರೂ.

ಪಕ್ಕದಲ್ಲಿ ತಕರಾರು ಎದ್ದಿದೆ. ಬಾಮೈದನ ಲೋಟ ಬೋಳು, ಮೇಲಾಗಿ ಒಂದು ಬೆರಳು ಅಗಲ. ಪಕ್ಕಪಕ್ಕ ಇಟ್ಟು ನೋಡಿದರೂ ಒಪ್ಪಿಗೆಯಾಗುತ್ತಿಲ್ಲ.

"ಏ ಮಗಾ, ಪಟ್ಟೆ ಇರೋದು ಇನ್ನೊಂದ್ ತತ್ತಾ."

"ಇಲ್ಲ ಕಣಣ್ಣ. ಇದ್ದಿದ್ದು ಎರಡು, ಒಂದು ಅಲ್ಲೈತೆ, ಇನ್ನೊಂದು ಆ ಅಣ್ಣಾರ ತಾವ್ ಐತೆ."

ಇಬ್ಬರೂ ನಿಮ್ಮ ಕಡೆ ತಿರುಗುತ್ತಾರೆ. ನೀವು ಲೋಟದ ಮೇಲೆ ಕೈ ಅಡ್ಡ ಇಡುತ್ತೀರಿ. ಬಾವ ನಕ್ಕು, ತನ್ನ ಲೋಟದಲ್ಲೇ ಪಟ್ಟೆಯ ತನಕ ಅಳೆದು, ಬೋಳು ಲೋಟಕ್ಕೆ ಬಗ್ಗಿಸುತ್ತಾನೆ. ಬಿಯರ್ ಬುರುಬುರು ಉಕ್ಕಿ ಅಂಚು ದಾಟುತ್ತದೆ.

"ಓಯ್ತಲ್ಲ ಬಾವ!" ಎನ್ನುತ್ತಲೇ ಬಾಮೈದ ಬಗ್ಗಿ ಲೋಟಕ್ಕೆ ಬಾಯಿ ಹಾಕುತ್ತಾನೆ.