ತಡವಾಗಿ ಬಂದ ಉತ್ತರ

ವಿಜಯಪುರದ ಗೋಲಗುಮ್ಮಟವನ್ನು ಏರಿ ನೋಡದ ವಾಚಕರು ಈ ಜಿಲ್ಲೆಯಲ್ಲಿ ವಿರಳರು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಆ ಸಮಾಧಿಯ ಮೇಲಣ ಗ್ಯಾಲರಿಯಲ್ಲಿ ಜನರಿಲ್ಲದ ಹೊತ್ತಿನಲ್ಲಿ ಒಬ್ಬನು ಗೋಡೆಗೆ ಮುಖವಿಟ್ಟು ಪಿಸುನುಡಿದರೆ, ಎದುರುಗೋಡೆಗೆ ಕಿವಿಗೊಟ್ಟವನಿಗೆ ಅದು ಸ್ಪಷ್ಟವಾಗಿ ಕೇಳಿಸುವದು. ಆದರೆ ಸಾಲೆಯ ಹುಡುಗರು ತುಂಬಿ ಒಮ್ಮೆಲೇ ಕೂಗತೊಡಗಿದರೆ ಯಾರ ಕೂಗಿಗೆ ಯಾವ ಮಾರ್ದನಿಯೆಂಬದು ತಿಳಿಯದು. ಮೊದಲಿನವನ ಮಾರ್ದನಿಯೇ ಹಿಂದಿನಿಂದ ಕೂಗಿದವನಿಗೆ ಉತ್ತರವೆಂಬಂತೆ ತೋರುವದು. ಗುಮ್ಮಟದಲ್ಲಿ ಇದು ವಿನೋದ. ಇದೇ ಸಂಗತಿಯು ಗಣಕಯಂತ್ರದಲ್ಲಿ ಒಬ್ಬ ತರುಣನ ನಿದ್ದೆಗೆಡಿಸಿತು.

ಆತನು ಬಬಲೇಶ್ವರದವನು, ವಿಜಯಪುರದ ಒಂದು ಕೋಣೆಯಲ್ಲಿ ಕುಳಿತು ದೂರದೂರಿನವರಿಗೆ ಪ್ರೋಗ್ರಾಮುಗಳನ್ನು ಬರೆದುಕೊಟ್ಟು ಜೀವಿಸುವವನು. ಆತನ ಸೋದರಮಾವನಿಗೆ ತಿಕೋಟಾದ ಬಳಿ ದ್ರಾಕ್ಷಿಯ ತೋಟವಿದೆ. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನೊಳಗೆ ಬಲೆಯ ಮೇಲೆ ಹರಡಿ, ಸುಮಾರು ಎರಡು ವಾರ ಒಣಗಿಸಿದರೆ ಒಣದ್ರಾಕ್ಷಿಯಾಗುವದು. ಆ ಎರಡು ವಾರಗಳಲ್ಲಿ ಅಕಾಲದ ಮಳೆ ಬಿದ್ದರೆ ಬಣ್ಣ ಕಪ್ಪಾಗಿ ಬೂಸು ಹಿಡಿಯುವದು. ವರ್ಷದ ದುಡಿಮೆಯು ಎರಡು ತಾಸಿನಲ್ಲಿ ಹಾಳಾಗುವದು. ಆದುದರಿಂದ ಅಳಿಯನು ಮಾವನ ಶೆಡ್ಡುಗಳಲ್ಲಿ ಗಾಳಿಯ ತೇವವನ್ನು ಅಳೆಯುವ ಸಣ್ಣ ಯಂತ್ರಗಳನ್ನಿಟ್ಟು, ಅವೆಲ್ಲವುಗಳನ್ನು ಏಕಕಾಲಕ್ಕೆ ವಿಚಾರಿಸಿ ಮಾವನ ಫೋನಿಗೆ ವರದಿ ಕಳಿಸುವ ಪ್ರೋಗ್ರಾಮನ್ನು ಬರೆದನು.

ಅದಕ್ಕಾಗಿ ಆತನು ಆರಿಸಿದ್ದು 2009ರಲ್ಲಿ ಪ್ರಕಟವಾದ ಗೋ ಎಂಬ ಭಾಷೆಯನ್ನು. ಅನೇಕ ಕೆಲಸಗಳನ್ನು ಜೊತೆಜೊತೆಯಾಗಿ ನಡೆಯಿಸುವ ಸೌಕರ್ಯವು ಅದರ ಹುಟ್ಟುಗುಣ. ಅಂಥ ಪ್ರತಿಯೊಂದು ಕೆಲಸಕ್ಕೆ ಗೋರೂಟೀನ್ ಎಂದು ಹೆಸರು. ಯಂತ್ರಗಳನ್ನು ಮೇಜಿನ ಮೇಲಿಟ್ಟು ನೂರು ಸಲ ಪರೀಕ್ಷಿಸಿದನು. ನೂರು ಸಲವೂ ಸರಿಯಾಯಿತು. ಆದರೆ ಅದು ನಿರ್ಜನವಾದ ಗುಮ್ಮಟದೊಳಗಿನ ಪರೀಕ್ಷೆಯೆಂಬದು ಆತನಿಗೆ ಹೊಳೆಯಲಿಲ್ಲ.

ಮಾರ್ಚ ತಿಂಗಳಿನ ಒಂದು ಸಂಜೆ ಮಾವನ ಫೋನು ಬಂದಿತು: “ಅಳಿಯಾ, ಮ್ಯಾಲ ಮ್ವಾಡ ಕವದಾವ. ನಿನ್ನ ಯಂತ್ರ ಎಲ್ಲಾ ಒಣಾ ಐತಿ ಅಂತೈತಿ. ಯಾರ ಮಾತು ನಂಬೂನು ಹೇಳು?”

ಅಳಿಯನು ಯಂತ್ರದ ಮಾತನ್ನು ನಂಬೆಂದನು. ಮಾವನು ಅರ್ಧ ತಾಸು ನಂಬಿದನು. ಬಳಿಕ ಮನಸ್ಸು ತಡೆಯದೆ ತಾಡಪತ್ರಿಗಳನ್ನು ಇಳಿಬಿಟ್ಟನು. ಅಷ್ಟರಲ್ಲಿ ಒಂದು ಶೆಡ್ಡಿನ ಪಡುವಣ ಮಗ್ಗುಲು ತೊಯ್ದಿತ್ತು. ಮಾವನು ಒಂದು ಬಿರುನುಡಿಯನ್ನೂ ಆಡಲಿಲ್ಲ. ಅದೇ ಅಳಿಯನಿಗೆ ಹೆಚ್ಚು ನೋವಾಯಿತು.

ಆ ರಾತ್ರಿ ಕಾರಣವನ್ನು ಹುಡುಕಲಾಗಿ, ಮೊದಲು ಕಂಡದ್ದು ಒಂದು ಸಾಮಾನ್ಯ ದೋಷ: ಎರಡು ಗೋರೂಟೀನುಗಳು ಒಂದೇ ಸ್ಥಳದಲ್ಲಿ ಒಂದನ್ನೊಂದು ಕಾಯದೆ ಬರೆಯುತ್ತಿದ್ದವು. ಇಂಥ ಸ್ಪರ್ಧೆಯನ್ನು ಹಿಡಿದು ತೋರಿಸುವ ಸಾಧನವೊಂದು 2013ರಿಂದ ಆ ಭಾಷೆಯ ಜೊತೆಗೇ ಬರುತ್ತಿದೆ. ಅದನ್ನು ಹಚ್ಚಿದರೆ ಪ್ರೋಗ್ರಾಮಿನ ಓಟಕ್ಕೆ 2ರಿಂದ 20 ಪಟ್ಟು ಹೊತ್ತು ತಗಲಬಹುದು. ಮೇಲಾಗಿ ಆ ಓಟದಲ್ಲಿ ನಡೆದ ಸ್ಪರ್ಧೆಯನ್ನಷ್ಟೇ ಅದು ಕಾಣಬಲ್ಲುದು. ಆತನು ಆ ಸ್ಥಳಕ್ಕೆ ಬೀಗ ಹಾಕಿದನು. ಸಾಧನವು ಸುಮ್ಮನಾಯಿತು, ಸುಳ್ಳು ವರದಿ ಮಾತ್ರ ನಿಲ್ಲಲಿಲ್ಲ.

ನಿಜವಾದ ದೋಷವು ಕ್ರಮದಲ್ಲಿತ್ತು. ಮಳೆಗಾಳಿ ಎದ್ದಾಗ ತೋಟದಲ್ಲಿ ಸಿಗ್ನಲು ಕುಂದುತ್ತಿತ್ತು. ಉತ್ತರ ತಡವಾದರೆ ಪ್ರೋಗ್ರಾಮು ಮತ್ತೊಮ್ಮೆ ಕೇಳುತ್ತಿತ್ತು. ಎರಡನೆಯ ಪ್ರಶ್ನೆಗೆ “ತೇವ ಏರಿದೆ” ಎಂಬ ಉತ್ತರ ಮೊದಲು ತಲುಪಿ, ದಾರಿಯಲ್ಲಿ ಸಿಕ್ಕುಬಿದ್ದ ಮೊದಲನೆಯ “ಒಣಗಿದೆ” ಎಂಬ ಉತ್ತರವು ಅನಂತರ ಬಂದು ಅದನ್ನು ಅಳಿಸಿಬಿಡುತ್ತಿತ್ತು. ಬೀಗವು ಇಬ್ಬರು ಒಮ್ಮೆಲೇ ಒಳಗೆ ನುಗ್ಗದಂತೆ ತಡೆಯುವದೇ ಹೊರತು, ಯಾರು ಹಿಂದೆ ಬರಬೇಕೆಂಬದನ್ನು ನಿಶ್ಚಯಿಸಲಾರದು.

ಇಂಥ ತಪ್ಪು ತಿಕೋಟಾದ ಶೆಡ್ಡಿಗೆ ಮಾತ್ರ ಮೀಸಲಲ್ಲ. 2003ನೆಯ ಇಸವಿಯ ಆಗಸ್ಟ 14ರಂದು ಅಮೇರಿಕದ ಒಹಾಯೋ ಸಂಸ್ಥಾನದ ಒಂದು ವಿದ್ಯುತ್ ನಿಯಂತ್ರಣ ಕೋಣೆಯಲ್ಲಿ ಇದೇ ಜಾತಿಯ ಸ್ಪರ್ಧೆಯಿಂದ ಎಚ್ಚರಿಕೆಯ ಪ್ರೋಗ್ರಾಮು ಸದ್ದಿಲ್ಲದೆ ನಿಂತುಹೋಯಿತು. ಗಂಟೆ ಬಾರಿಸದ್ದರಿಂದ ಎಲ್ಲವೂ ಕ್ಷೇಮವೆಂದೇ ಅಲ್ಲಿಯವರು ತಿಳಿದರು. ಇತರ ಕಾರಣಗಳೂ ಕೂಡಿ, ಆ ದಿನ ಅಮೇರಿಕ ಕೆನಡಾಗಳಲ್ಲಿ ಸುಮಾರು 5 ಕೋಟಿ ಜನ ಕತ್ತಲೆಯಲ್ಲಿ ಬಿದ್ದರು.

ತರುಣನು ಪರೀಕ್ಷೆಯ ರೀತಿಯನ್ನೇ ಬದಲಿಸಿದನು. ತನ್ನ ಗಣಕಯಂತ್ರದೊಳಗೇ ಒಂದು ಹುಸಿ ಸರ್ವರನ್ನು ನಿಲ್ಲಿಸಿ, ಅದರ ಪ್ರತಿಯೊಂದು ಉತ್ತರಕ್ಕೂ ಒಂದು ಬಾಗಿಲನ್ನಿಟ್ಟನು. ಎರಡನೆಯ ಉತ್ತರ ಸೇರಿತೆಂದು ಖಾತ್ರಿಯಾದ ಮೇಲೆಯೇ ಮೊದಲನೆಯದರ ಬಾಗಿಲನ್ನು ತೆರೆದನು. ಮೊದಲು ಅಪರೂಪಕ್ಕೆ ಕಾಣುತ್ತಿದ್ದ ತಪ್ಪು ಈಗ ಪ್ರತಿಸಲವೂ ಕಂಡಿತು. ಕಂಡ ತಪ್ಪನ್ನು ತಿದ್ದುವದು ಕಠಿಣವಾಗಲಿಲ್ಲ: ಪ್ರತಿ ಪ್ರಶ್ನೆಗೂ ಕ್ರಮಸಂಖ್ಯೆಯನ್ನು ಕೊಟ್ಟು, ಹಳೆಯ ಸಂಖ್ಯೆಯ ಉತ್ತರವು ಹೊಸದನ್ನು ಅಳಿಸದಂತೆ ಕಟ್ಟುಮಾಡಿದನು.

ಕಾಲದ ಪ್ರಶ್ನೆಯೊಂದು ಉಳಿಯಿತು. ಐದು ನಿಮಿಷ ಕಾಯುವ ಪ್ರೋಗ್ರಾಮನ್ನು ಪರೀಕ್ಷಿಸಲು ಐದು ನಿಮಿಷ ಕುಳಿತಿರಬೇಕೆ? 2025ರ ಆಗಸ್ಟದಲ್ಲಿ ಬಂದ ಗೋ 1.25ರಲ್ಲಿ ಇದಕ್ಕೆ ಪರಿಹಾರವಿದೆ: ಪರೀಕ್ಷೆಯ ಗುಳ್ಳೆಯೊಳಗೆ ಹುಸಿ ಗಡಿಯಾರವಿದ್ದು, ಒಳಗಿನವರೆಲ್ಲರೂ ಕಾಯುತ್ತ ನಿಂತೊಡನೆ ಅದು ತಾನೇ ಮುಂದಕ್ಕೆ ಜಿಗಿಯುವದು. ಆದರೆ ನಿಜವಾದ ಜಾಲದ ಮೇಲೆ ಕಾಯುವದನ್ನು ಅದು ಅಂಥ ಕಾಯುವಿಕೆಯೆಂದು ಎಣಿಸುವದಿಲ್ಲ. ಹೊರಗಿನಿಂದ ಯಾವಾಗ ಏನು ಬರುವದೋ ಅದಕ್ಕೆ ತಿಳಿಯದಷ್ಟೆ! ಆದುದರಿಂದ ಜಾಲಕ್ಕೆ ಬದಲಾಗಿ ಸ್ಮೃತಿಯೊಳಗಿನ ಹುಸಿ ಕೊಳವೆಯನ್ನು ಜೋಡಿಸಬೇಕಾಯಿತು.

ಮುಂದಿನ ಹಂಗಾಮಿಗೆ ಹೊಸ ಪ್ರೋಗ್ರಾಮನ್ನು ಹಿಡಿದು ಆತನು ತಿಕೋಟಾಕ್ಕೆ ಹೋದನು. ಪ್ರತಿ ವರದಿಯ ಕೆಳಗೆ ಆ ಅಳತೆಯನ್ನು ಯಾವ ಹೊತ್ತಿಗೆ ತೆಗೆದದ್ದೆಂಬದನ್ನೂ ಬರೆಯಿಸಿದ್ದನು. ಮಾವನು ಫೋನನ್ನು ನೋಡಿ, ಶೆಡ್ಡಿನ ಹೊರಗೆ ಬಂದು, ಹಣೆಗೆ ಕೈ ಹಚ್ಚಿ ಪಡುವಣ ದಿಕ್ಕನ್ನೂ ನೋಡಿದನು.

“ಈಗ ಸರಿ ಹೇಳತೈತಿ, ಮಾವಾ,” ಎಂದನು ಅಳಿಯ.

“ಹೇಳವಲ್ದ್ಯಾಕ? ಹೇಳ್ಲಿ. ನಾನೂ ಒಮ್ಮಿ ನೋಡ್ತೀನಿ,” ಎಂದನು ಮಾವ.

ಅಳಿಯನಿಗೆ ಈ ಮಾತು ಅವಮಾನವೆನಿಸಲಿಲ್ಲ. ಪರೀಕ್ಷೆಯಿಂದ ಇರುವ ದೋಷವನ್ನು ತೋರಿಸಬಹುದಲ್ಲದೆ ದೋಷವೇ ಇಲ್ಲವೆಂದು ಸಾಧಿಸಲು ಬಾರದೆಂಬದನ್ನು ಆತನು ಆ ರಾತ್ರಿಯಿಂದ ಬಲ್ಲನು. ತಾನೂ ಮಾವನ ಮಗ್ಗುಲಿಗೆ ನಿಂತು ಆಕಾಶವನ್ನು ನೋಡಿದನು.